ಬೋರ್ಡು ಬರೆಸಿದವರು, ಬೀಗ ತಂದವರು

ಸಣ್ಣ ಊರಿನ ವಿಶ್ವವಿದ್ಯಾಲಯ ನಮ್ಮ ಸರಕಾರಗಳಿಗೆ ನೆನಪಾಗುವುದು ಎರಡೇ ಸಲ. ಚುನಾವಣೆ ಹತ್ತಿರ ಬಂದಾಗ ತೆರೆಯಲಿಕ್ಕೆ, ಖಜಾನೆ ಬರಿದಾದಾಗ ಮುಚ್ಚಲಿಕ್ಕೆ. ನಡುವಿನ ಕಾಲದಲ್ಲಿ ಅಲ್ಲಿ ಹಳ್ಳಿಯ ಮಕ್ಕಳು ಎಂ.ಎ., ಎಂ.ಕಾಂ. ಓದುತ್ತಿರುತ್ತಾರೆ ಎಂಬ ಸಂಗತಿ ತೆರೆದವರ ಭಾಷಣದಲ್ಲೂ ಇರುವುದಿಲ್ಲ, ಮುಚ್ಚುವವರ ಟಿಪ್ಪಣಿಯಲ್ಲೂ ಇರುವುದಿಲ್ಲ.

2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಂಪುಟ ಉಪಸಮಿತಿ ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನಗೊಳಿಸುವ ಸಲಹೆಯನ್ನು ಮುಂದಿಟ್ಟಿತು. ಹಾಸನ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಮಂಡ್ಯ - ಈ ಏಳು ಜಿಲ್ಲೆಗಳ ಹೆಸರಿನವು ಪಟ್ಟಿಯಲ್ಲಿದ್ದವು. ಉಳಿದೆರಡು ಬೆಂಗಳೂರಿನವು. ಕೊಟ್ಟ ಕಾರಣ ಸರಳವಾಗಿತ್ತು. ಹಣವಿಲ್ಲ, ಕಟ್ಟಡವಿಲ್ಲ, ಬೋಧಕರಿಲ್ಲ, ಇವು ತಮ್ಮ ಕಾಲ ಮೇಲೆ ನಿಲ್ಲಲಾರವು. ಪ್ರತಿಭಟನೆಗಳು ನಡೆದವು, ಹೇಳಿಕೆ ಪ್ರತಿಹೇಳಿಕೆಗಳು ಬಂದವು. ಒಂದು ಪಕ್ಷ ಇನ್ನೊಂದನ್ನು ಬೈದು ಸುಮ್ಮನಾಯಿತು. ಆ ಸಲಹೆಯ ಪ್ರತಿಯೊಂದು ವಾಕ್ಯ ಜಾರಿಯಾಗಲಿ, ಬಿಡಲಿ, ಅದರ ಹಿಂದಿರುವ ಯೋಚನೆಯೊಂದಿಗೆ ನಮ್ಮ ಜಗಳವಿದೆ. ಏಕೆಂದರೆ ಆ ಯೋಚನೆ ಒಂದು ಪಕ್ಷದ್ದಲ್ಲ. ಸಣ್ಣ ಊರಿನವರಿಗೆ ಪದವಿಯೇ ಸಾಕು, ಅದಕ್ಕಿಂತ ಮೇಲಿನ ಓದು ಬೇಕಾದರೆ ದೊಡ್ಡ ಊರಿಗೆ ಹೋಗಲಿ ಎಂಬ ಹಳೆಯ ತಾತ್ಸಾರವೇ ಈಗ ಲೆಕ್ಕಪತ್ರದ ಭಾಷೆಯಲ್ಲಿ ಮಾತಾಡುತ್ತಿದೆ.

ತೆರೆದದ್ದಾದರೂ ಹೇಗೆ?

ಮುಚ್ಚುವವರನ್ನು ಮಾತ್ರ ಬೈದು ತೆರೆದವರಿಗೆ ಶಾಲು ಹೊದೆಸುವುದು ನಮ್ಮ ಉದ್ದೇಶವಲ್ಲ. ಆ ಕತೆಯನ್ನೂ ಹೇಳಬೇಕು.

2022ರಲ್ಲಿ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ತಂದು ಬೀದರ್, ಹಾಸನ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳಿಗೆ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಲಾಯಿತು. 2023ರ ಮಾರ್ಚಿನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅವುಗಳನ್ನು ಉದ್ಘಾಟಿಸಿದರು. ಹೊಸದು ಎಂದೆವು, ಆದರೆ ಅವುಗಳಲ್ಲಿ ಹೊಸದೇನಿತ್ತು? ಹಾಸನದ ಹೇಮಗಂಗೋತ್ರಿ ಅದಾಗಲೇ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಚಾಮರಾಜನಗರದ ಸುವರ್ಣ ಗಂಗೋತ್ರಿಯೂ ಅದರದೇ. ಹಾವೇರಿಯ ಕೆರಿಮತ್ತಿಹಳ್ಳಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರ. ಕೊಡಗಿನ ಚಿಕ್ಕ ಅಳುವಾರ ಮಂಗಳೂರು ವಿಶ್ವವಿದ್ಯಾಲಯದ ಕೇಂದ್ರ. ಜಮಖಂಡಿಯದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಇದ್ದ ಕಟ್ಟಡಕ್ಕೆ ಹೊಸ ಬೋರ್ಡು ಬರೆಸಿ, ಒಬ್ಬರು ಕುಲಪತಿಯನ್ನೂ ಒಬ್ಬರು ಕುಲಸಚಿವರನ್ನೂ ಕಳಿಸಿ, ಆರಂಭಕ್ಕೆಂದು ಕೆಲವೇ ಕೋಟಿ ರೂಪಾಯಿ ತೋರಿಸಿದರು. ಬೋಧಕರ ಹುದ್ದೆ ಎಲ್ಲಿ? ಪುಸ್ತಕ ಎಲ್ಲಿ? ಪ್ರಯೋಗಾಲಯ ಎಲ್ಲಿ? ಈ ಪ್ರಶ್ನೆಗಳಿಗೆ ಬೋರ್ಡಿನ ಮೇಲೆ ಜಾಗವಿರಲಿಲ್ಲ.

ಎರಡು ವರ್ಷ ಅನ್ನ ಹಾಕದೆ ಇಟ್ಟು, ಆಮೇಲೆ ತಕ್ಕಡಿಯ ಮೇಲೆ ನಿಲ್ಲಿಸಿ, ಈ ಕೂಸಿಗೆ ತೂಕವಿಲ್ಲ ಎಂದು ತೀರ್ಪು ಕೊಡುವುದು ಯಾವ ನ್ಯಾಯ? ಹುಟ್ಟಿಸಿದವರು ಒಬ್ಬರು, ತೂಗಿದವರು ಇನ್ನೊಬ್ಬರು ಎಂಬ ಸಬೂಬು ಬೇಡ. ಸರಕಾರ ಬದಲಾಗಬಹುದು, ವಿಧಾನಸೌಧ ಅದೇ ಅಲ್ಲವೇ?

ಸ್ನಾತಕೋತ್ತರ ಕೇಂದ್ರ ಬೆಳೆದು ವಿಶ್ವವಿದ್ಯಾಲಯವಾಗುವುದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ಕೊಣಾಜೆಯ ಮಂಗಳಗಂಗೋತ್ರಿ 1968ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಧಾರವಾಡದ ಕೇಂದ್ರವಾಗಿ 1970ರಲ್ಲಿ ಆರಂಭವಾದ ಗುಲ್ಬರ್ಗ ಅದೇ 1980ರಲ್ಲಿ ಸ್ವತಂತ್ರವಾಯಿತು. ಭದ್ರಾವತಿ ತಾಲೂಕಿನ ಬಿ.ಆರ್. ಪ್ರಾಜೆಕ್ಟಿನಲ್ಲಿದ್ದ ಮೈಸೂರಿನ ಕೇಂದ್ರದಿಂದ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಮೂಡಿ ಶಂಕರಘಟ್ಟದಲ್ಲಿ ನೆಲೆ ನಿಂತಿತು. ಇವುಗಳ ಹುಟ್ಟಿನ ದಿನ ಯಾರಾದರೂ ಲಾಭ ನಷ್ಟದ ಪಟ್ಟಿ ಹಾಕಿದ್ದರೆ ಮೂರೂ ಆ ವರ್ಷವೇ ಮುಚ್ಚಬೇಕಿತ್ತು. ಆಗಿನವರು ಜಮೀನು ಕೊಟ್ಟರು, ಹುದ್ದೆ ಮಂಜೂರು ಮಾಡಿದರು, ಹತ್ತು ಹದಿನೈದು ವರ್ಷ ಕಾಯುವ ತಾಳ್ಮೆ ತೋರಿಸಿದರು. ಈಗಿನವರಿಗೆ ಎರಡು ವರ್ಷವೂ ಹೆಚ್ಚಾಯಿತು.

ಬಸ್ಸಿನ ದೂರ, ಹಾಸ್ಟೆಲಿನ ದೂರ

'ವಿಲೀನವಾದರೆ ಏನಾಯಿತು? ಧಾರವಾಡಕ್ಕೆ ಹೋಗಿ ಓದಲಿ, ಮೈಸೂರಿಗೆ ಹೋಗಿ ಓದಲಿ' ಎನ್ನುವವರು ಇದ್ದಾರೆ. ಇವರ ಮನೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ಸಣ್ಣ ಊರಿನ ಬಡವರ ಮನೆಯಲ್ಲಿ ಹಾಗೆ ಅಳೆಯುವುದಿಲ್ಲ. ಅಲ್ಲಿ ದೂರ ಎರಡೇ ಬಗೆ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವ ಬಸ್ಸಿನ ದೂರ ಒಂದು, ಟ್ರಂಕು ಕಟ್ಟಿಕೊಂಡು ಹೋಗುವ ಹಾಸ್ಟೆಲಿನ ದೂರ ಇನ್ನೊಂದು. ಸವಣೂರಿನ ಹುಡುಗಿಗೆ ಕೆರಿಮತ್ತಿಹಳ್ಳಿ ಬಸ್ಸಿನ ದೂರ, ಧಾರವಾಡ ಹಾಸ್ಟೆಲಿನ ದೂರ. ಮಡಿಕೇರಿಯವಳಿಗೆ ಕೊಣಾಜೆ, ಜಮಖಂಡಿಯವಳಿಗೆ ಬೆಳಗಾವಿ ನೂರು ಕಿಲೋಮೀಟರು ದಾಟಿದ ಮೇಲೂ ಮುಗಿಯದ ದಾರಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಇದನ್ನು ತಂದ ಸರಕಾರವನ್ನು ನಾವು ಮೆಚ್ಚಿದ್ದೇವೆ, ಈಗಲೂ ಮೆಚ್ಚುತ್ತೇವೆ. ಬಸ್ಸು ತುಂಬಿ ಬೆಳಗಿನ ಹೊತ್ತು ಕಾಲೇಜಿಗೆ ಹೋಗುವ ಹುಡುಗಿಯರನ್ನು ಯಾವ ತಾಲೂಕಿನ ನಿಲ್ದಾಣದಲ್ಲಾದರೂ ನೋಡಬಹುದು. ಆದರೆ ಬಸ್ಸು ಪುಕ್ಕಟೆ ಕೊಟ್ಟ ಕೈಯೇ ಬಸ್ಸು ಇಳಿಯಬೇಕಾದ ಜಾಗಕ್ಕೆ ಬೀಗ ಹುಡುಕುತ್ತಿದ್ದರೆ ಅದನ್ನು ಏನೆನ್ನಬೇಕು? ಹೆಣ್ಣುಮಕ್ಕಳಿಗೆ ಧರ್ಮಸ್ಥಳಕ್ಕೂ ಬಂದೇ ನವಾಜ್ ದರ್ಗಾಕ್ಕೂ ಹೋಗಿ ಬರುವ ಸ್ವಾತಂತ್ರ್ಯ ಬೇಕು, ಸರಿ. ಎಂ.ಎ. ಕ್ಲಾಸಿಗೆ ಹೋಗಿ ಬರುವ ಸ್ವಾತಂತ್ರ್ಯ ಬೇಡವೇ?

ಈಗ ನಮ್ಮ ಮನೆಗಳ ಮಾತು. ಮುಸ್ಲಿಮರ ಮನೆಗಳಲ್ಲಿ ಬಿ.ಎ. ಮುಗಿದ ಮಗಳ ವಿಷಯ ಹೇಗೆ ತೀರ್ಮಾನವಾಗುತ್ತದೆ ಎಂಬುದು ಉಪಸಮಿತಿಯವರಿಗೆ ಗೊತ್ತಿರಲಿಕ್ಕಿಲ್ಲ. ರಿಶ್ತೆಗಳು ಬರತೊಡಗಿರುತ್ತವೆ. ತಾಯಿಗೆ ಆತುರ, ಚಾಚಾಗಳಿಗೆ ಇನ್ನೂ ಹೆಚ್ಚಿನ ಆತುರ. ಮಗಳು ಮುಂದೆ ಓದುತ್ತೇನೆ ಎನ್ನುತ್ತಾಳೆ. ಗ್ಯಾರೇಜಿನಲ್ಲೋ ಹಣ್ಣಿನ ಗಾಡಿಯಲ್ಲೋ ದಿನವಿಡೀ ದುಡಿದು ಬಂದ ತಂದೆ ಕೈಕಾಲು ತೊಳೆದು ಕೂತು ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ಎಂದು. ಹತ್ತಿರದ ಊರಿನ ಹೆಸರು ಹೇಳಿದರೆ, "ನಜ್ದೀಕಿಚ್ ಹೈ ನಾ, ಜಾನೇ ದೇವ್" ಎಂದುಬಿಡುತ್ತಾನೆ. ಹತ್ತಿರವೇ ಇದೆಯಲ್ಲ, ಹೋಗಲಿ ಬಿಡಿ. ಆ ಒಂದು ಮಾತಿಗೆ ಚಾಚಾಗಳ ಬಾಯಿ ಕಟ್ಟುತ್ತದೆ. ದೂರದ ಊರಿನ ಹೆಸರು ಹೇಳಿದರೆ ಅದೇ ತಂದೆ ಮಾತಿಲ್ಲದೆ ಎದ್ದು ಹೋಗುತ್ತಾನೆ. ಅವನು ಕೆಟ್ಟವನಲ್ಲ, ಓದಿನ ವಿರೋಧಿಯೂ ಅಲ್ಲ. ಹಾಸ್ಟೆಲಿನ ಖರ್ಚು ಅವನಿಗೆ ಗೊತ್ತು, ಊರವರ ನಾಲಗೆಯೂ ಗೊತ್ತು. ಈ ಮನೆಗಳಿಗೆ ಹತ್ತಿರದ ಎಂ.ಎ. ತರಗತಿ ಎಂದರೆ ಒಬ್ಬ ಹುಡುಗಿಗೆ ಸಿಗುವ ಎರಡು ವರ್ಷ. ಆ ಎರಡು ವರ್ಷದಲ್ಲಿ ಅವಳು ನೆಟ್ ಪರೀಕ್ಷೆ ಬರೆಯಬಹುದು, ಬಿ.ಎಡ್. ಸೇರಬಹುದು, ಬಂದ ಸಂಬಂಧವನ್ನು ಒಲ್ಲೆ ಎನ್ನುವ ದನಿಯನ್ನಾದರೂ ಪಡೆಯಬಹುದು. ಆ ಎರಡು ವರ್ಷ ತೆಗೆದುಹಾಕಿದರೆ ಮದುವೆಯ ಮಂಟಪ ಒಂದೇ ಉಳಿಯುತ್ತದೆ.

ಇದು ಮುಸ್ಲಿಮರ ಮನೆಯ ಕತೆ ಮಾತ್ರ ಎಂದು ತಿಳಿಯಬೇಡಿ. ಹೆಸರುಗಳನ್ನು ಬದಲಿಸಿದರೆ ಇದೇ ಮಾತುಕತೆ ದಲಿತರ ಕೇರಿಯಲ್ಲಿ, ಕುರುಬರ ಹಟ್ಟಿಯಲ್ಲಿ, ಎರಡೆಕರೆಯ ಲಿಂಗಾಯತ ರೈತನ ಮನೆಯಲ್ಲಿ ನಡೆಯುತ್ತದೆ. ಸಣ್ಣ ಊರಿನ ಯಾವ ಸ್ನಾತಕೋತ್ತರ ತರಗತಿಗಾದರೂ ಹೋಗಿ ಬೆಂಚುಗಳನ್ನು ನೋಡಿ. ಹುಡುಗಿಯರು ತುಂಬಿರುತ್ತಾರೆ, ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲ ಬಾರಿ ಪದವಿ ದಾಟಿದವರು.

ಮುಚ್ಚುತ್ತಲೇ ಬಂದ ಬಾಗಿಲುಗಳು

ಭಾವುಕತೆ ಬೇಡ, ಅಂಕಿ ಕೊಡಿ ಎನ್ನುವವರಿಗೆ ಅಂಕಿಯನ್ನೇ ಕೊಡೋಣ. 2006ರ ಸಾಚಾರ್ ಸಮಿತಿ ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ ಇಪ್ಪತ್ತೈದು ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ ಐವತ್ತು ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಬರೆಯಿತು. ಪದವಿಯಿಂದ ಸ್ನಾತಕೋತ್ತರಕ್ಕೆ ಏರುವ ಒಂದು ಮೆಟ್ಟಿಲಿನಲ್ಲಿ ಅರ್ಧಕ್ಕರ್ಧ ಮಂದಿ ಕಳಚಿಹೋದರು ಎಂದು ಇದರ ಅರ್ಥ. ಕೇಂದ್ರ ಶಿಕ್ಷಣ ಇಲಾಖೆಯ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಉನ್ನತ ಶಿಕ್ಷಣದಲ್ಲಿದ್ದ ಮುಸ್ಲಿಮ್ ವಿದ್ಯಾರ್ಥಿಗಳು ಸುಮಾರು 21 ಲಕ್ಷ. 2020-21ರಲ್ಲಿ ಅದು 19.21 ಲಕ್ಷಕ್ಕೆ ಇಳಿಯಿತು, ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡಾ 4.6. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇಕಡಾ 14.2. ಉಳಿದವರ ಸಂಖ್ಯೆ ಏರಿದ ವರ್ಷದಲ್ಲಿ ಒಂದು ಸಮುದಾಯದ ಸಂಖ್ಯೆ ಹೀಗೆ ಕುಸಿದದ್ದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

2022ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ತಲೆಯ ಮೇಲಿನ ಒಂದು ಗಜ ಬಟ್ಟೆಯ ಹೆಸರಿನಲ್ಲಿ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಕೇಂದ್ರ ಸರಕಾರ ಲೋಕಸಭೆಯಲ್ಲಿ ಹೇಳಿತು. ಕಾಲೇಜಿನ ಬಾಗಿಲಲ್ಲಿ ಒಂದು ಅಡ್ಡಿ, ಸಂಶೋಧನೆಯ ಬಾಗಿಲಲ್ಲಿ ಇನ್ನೊಂದು. ಇವೆರಡರ ನಡುವೆ ಉಳಿದದ್ದು ಹತ್ತಿರದ ಊರಿನ ಸ್ನಾತಕೋತ್ತರ ತರಗತಿ. ಅದನ್ನೂ ನಷ್ಟದ ಪಟ್ಟಿಗೆ ಸೇರಿಸಿದರೆ ಮೊದಲಿನ ಎರಡನ್ನು ಮಾಡಿದವರಿಗೂ ಇವರಿಗೂ ಫಲಿತಾಂಶದಲ್ಲಿ ಏನು ವ್ಯತ್ಯಾಸ? ಉದ್ದೇಶ ಬೇರೆ ಎಂದು ಅವರು ಹೇಳಬಹುದು. ಮನೆಯಲ್ಲಿ ಕೂತ ಹುಡುಗಿಗೆ ಉದ್ದೇಶ ಕಾಣುವುದಿಲ್ಲ, ಬೀಗ ಕಾಣುತ್ತದೆ.

ಒಳಗಿನ ಸ್ಥಿತಿ

ಹಾಗೆಂದು ಈ ವಿಶ್ವವಿದ್ಯಾಲಯಗಳು ಈಗ ಇರುವ ಸ್ಥಿತಿಯನ್ನು ಸಮರ್ಥಿಸುವ ಹುಚ್ಚು ನಮಗಿಲ್ಲ. ಹಣವಿಲ್ಲ, ಬೋಧಕರಿಲ್ಲ ಎಂಬ ಉಪಸಮಿತಿಯ ಮಾತು ಸುಳ್ಳಲ್ಲ. ಅದರಿಂದ ಅವರು ತೆಗೆದ ತೀರ್ಮಾನ ಸುಳ್ಳು.

ಸಣ್ಣ ಊರಿನ ಸ್ನಾತಕೋತ್ತರ ವಿಭಾಗಗಳನ್ನು ಎಳೆಯುತ್ತಿರುವವರು ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಶಬ್ದಕ್ಕೆ ಇಷ್ಟು ಅವಮಾನ ಬೇರೆಲ್ಲೂ ಆಗಿರಲಾರದು. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿಯುವ ಅತಿಥಿ ಯಾರು? ರಜೆ ಬಂದರೆ ಸಂಬಳವಿಲ್ಲ, ಹೊಸ ವರ್ಷ ಬಂದರೆ ಕೆಲಸ ಉಳಿಯುವ ಭರವಸೆಯಿಲ್ಲ. ಪಿಎಚ್.ಡಿ. ಮಾಡಿದವರು, ನೆಟ್ ಪಾಸಾದವರು ಸಂಜೆ ಟ್ಯೂಷನ್ ಹೇಳಿ, ಭಾನುವಾರ ಹೊಲಕ್ಕೆ ಹೋಗಿ, ಸೋಮವಾರ ಎಂ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಪಾಠ ಮಾಡುತ್ತಾರೆ. ಇವರ ಶ್ರದ್ಧೆಯಿಂದಲೇ ಆ ತರಗತಿಗಳು ಇನ್ನೂ ಉಸಿರಾಡುತ್ತಿವೆ.

ಆದರೆ ಶ್ರದ್ಧೆಯಿಂದ ಆಗದ ಕೆಲಸ ಒಂದಿದೆ. ಯುಜಿಸಿ 2022ರಲ್ಲಿ ತಂದ ಪಿಎಚ್.ಡಿ. ನಿಯಮಗಳ ಪ್ರಕಾರ ಕಾಯಂ ಬೋಧಕರು ಮಾತ್ರ ಸಂಶೋಧನಾ ಮಾರ್ಗದರ್ಶಕರಾಗಬಹುದು. ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿ. ಇದನ್ನು ಸಣ್ಣ ಊರಿಗೆ ಅನ್ವಯಿಸಿ ನೋಡಿ. ವಿಭಾಗದಲ್ಲಿ ಕಾಯಂ ಬೋಧಕರೇ ಇಲ್ಲದಿದ್ದರೆ ಮಾರ್ಗದರ್ಶಕರಿಲ್ಲ. ಮಾರ್ಗದರ್ಶಕರಿಲ್ಲದಿದ್ದರೆ ಪಿಎಚ್.ಡಿ. ಸೀಟಿಲ್ಲ. ಹಳ್ಳಿಯ ಹುಡುಗಿಯೊಬ್ಬಳು ಕಷ್ಟಪಟ್ಟು ಜೆ.ಆರ್.ಎಫ್. ಪಾಸಾದಳು ಎಂದುಕೊಳ್ಳಿ. 2023ರಿಂದ ಆ ಫೆಲೋಶಿಪ್ಪು ತಿಂಗಳಿಗೆ 37,000 ರೂಪಾಯಿ, ಅವಳ ತಂದೆ ಎಂದೂ ಕೈಯಲ್ಲಿ ಹಿಡಿಯದ ಮೊತ್ತ. ಪಿಎಚ್.ಡಿ.ಗೆ ಸೇರಿಕೊಂಡರೆ ಮಾತ್ರ ಅದು ಕೈಗೆ ಬರುತ್ತದೆ. ತನ್ನ ಊರಿನಲ್ಲಿ ಸೀಟಿಲ್ಲ, ದೊಡ್ಡ ಊರಿಗೆ ಕಳಿಸುವವರಿಲ್ಲ. ಗೆದ್ದ ಹಣ ದೆಹಲಿಯಲ್ಲೇ ಉಳಿಯುತ್ತದೆ. ಒಂದು ಹುದ್ದೆ ತುಂಬದೆ ಬಿಟ್ಟರೆ ಒಬ್ಬ ಮೇಷ್ಟ್ರ ಸಂಬಳ ಉಳಿಯಿತು ಎಂದು ಹಣಕಾಸು ಇಲಾಖೆ ತಿಳಿದಿದೆ. ನಾಲ್ಕು ಸಂಶೋಧಕರು ಹುಟ್ಟದೇ ಹೋದರು ಎಂಬುದನ್ನು ಯಾವ ಇಲಾಖೆ ಲೆಕ್ಕ ಇಡುತ್ತದೆ?

ಹುದ್ದೆ ಕೊಡಬೇಡಿ, ಪಾಠ ಸೊರಗುತ್ತದೆ. ಪಾಠ ಸೊರಗಿದರೆ ಸೇರುವವರು ಕಡಿಮೆಯಾಗುತ್ತಾರೆ. ಸೇರುವವರು ಕಡಿಮೆಯಾದರು ಎಂದು ಹುದ್ದೆ ರದ್ದು ಮಾಡಿ. ಕೊನೆಗೆ ವಿಭಾಗ ಮುಚ್ಚಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಕತೆ ಕೇಳಿದ್ದೇವೆ. ಇಲ್ಲಿ ನೆಗಡಿ ತರಿಸಿದವರೂ ಕತ್ತಿ ಹಿಡಿದವರೂ ಒಬ್ಬರೇ.

ಕೇಳಿಬರುವ ಮಾತುಗಳು

'ಎಲ್ಲರೂ ಎಂ.ಎ. ಮಾಡಿ ಏನು ಕಡಿದು ಕಟ್ಟೆ ಹಾಕುತ್ತಾರೆ?' ಎಂಬ ಪ್ರಶ್ನೆ ಮೊದಲನೆಯದು. ಪಿಯು ಕಾಲೇಜಿನಲ್ಲಿ ಉಪನ್ಯಾಸಕಿಯಾಗಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ಪದವಿ ಕಾಲೇಜಿಗೆ ಹೋಗಬೇಕಾದರೆ ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಬೇಕು. ಇವು ಸಣ್ಣ ಊರಿನ ಹೆಣ್ಣುಮಕ್ಕಳು ಕನಸು ಕಾಣಬಹುದಾದ, ಮನೆಯವರೂ ಬೇಡ ಎನ್ನದ ನೌಕರಿಗಳು. ದೊಡ್ಡ ಊರಿನ ಮಕ್ಕಳು ಎಂ.ಎ. ಮಾಡಿದರೆ ಅದು ಆಸಕ್ತಿ, ಹಳ್ಳಿಯ ಮಕ್ಕಳು ಮಾಡಿದರೆ ಅದು ನಿರುದ್ಯೋಗ ಎಂಬ ಲೆಕ್ಕ ಎಲ್ಲಿಂದ ಬಂತು?

'ಮನೆಯಲ್ಲೇ ಕೂತು ಓದಬಹುದಲ್ಲ, ದೂರಶಿಕ್ಷಣವಿದೆ, ಆನ್‌ಲೈನ್ ಇದೆ' ಎಂಬುದು ಎರಡನೆಯದು. ಮುಕ್ತ ವಿಶ್ವವಿದ್ಯಾಲಯದಿಂದ ಓದಿ ಮೇಲೆ ಬಂದವರನ್ನು ನಾವು ಗೌರವಿಸುತ್ತೇವೆ. ಆದರೆ ಮನೆಯಲ್ಲಿ ಕೂತ ಹುಡುಗಿಯನ್ನು ಮನೆ ಓದಲು ಬಿಡುವುದಿಲ್ಲ. ಪುಸ್ತಕ ತೆರೆದ ಕೂಡಲೇ ಒಲೆಯ ಮೇಲಿನ ಹಾಲು ಕರೆಯುತ್ತದೆ, ಅಣ್ಣನ ಮಗು ಅಳುತ್ತದೆ, ಬಂದವರಿಗೆ ಚಹಾ ಆಗಬೇಕಾಗುತ್ತದೆ. ಮನೆಯಿಂದ ಹೊರಗೆ ಹೋಗುವುದೇ ಅವಳ ಓದಿನ ಅರ್ಧ ಭಾಗ. ಬೇರೆ ಜಾತಿಯ, ಬೇರೆ ಮತದ ಗೆಳತಿಯ ಬುತ್ತಿ ಹಂಚಿಕೊಂಡು ತಿನ್ನುವುದು, ಮೇಷ್ಟ್ರ ಮಾತಿಗೆ ಎದ್ದು ನಿಂತು ಇಲ್ಲ ಸರ್ ಎನ್ನುವುದು ಯಾವ ಮೊಬೈಲಿನ ಪರದೆಯ ಮೇಲೂ ಕಲಿಯಲಾಗದ ಪಾಠ. ಹಿಂದೂ ಮುಸ್ಲಿಮರ ಮಕ್ಕಳು ಬೇರೆ ಬೇರೆ ಶಾಲೆ, ಬೇರೆ ಬೇರೆ ಓಣಿಗಳಲ್ಲಿ ಬೆಳೆಯುತ್ತಿರುವ ಈ ಕಾಲದಲ್ಲಿ ಸರಕಾರಿ ತರಗತಿಯ ಬೆಂಚು ಇನ್ನೂ ಉಳಿದಿರುವ ಕೆಲವೇ ಸಮಾನ ಜಾಗಗಳಲ್ಲಿ ಒಂದು.

'ಗುಣಮಟ್ಟವಿಲ್ಲ' ಎಂಬುದು ಮೂರನೆಯದು. ಗುಣಮಟ್ಟ ಮಣ್ಣಿನಿಂದ ಬರುವುದಿಲ್ಲ, ಮೇಷ್ಟ್ರಿಂದ ಪುಸ್ತಕದಿಂದ ಬರುತ್ತದೆ. ಅವೆರಡನ್ನು ಕೊಟ್ಟು ನೋಡಿ, ಆಮೇಲೆ ಆ ಮಾತಾಡಿ.

ಸಣ್ಣ ಊರಿನ ವಿದ್ಯೆ

ಇಲ್ಲಿ ಇನ್ನೂ ಮುಖ್ಯವಾದ ಒಂದು ವಿಚಾರವಿದೆ. ವಿಶ್ವವಿದ್ಯಾಲಯ ಪದವಿ ಹಂಚುವ ಕಚೇರಿ ಮಾತ್ರವಲ್ಲ. ತಾನಿರುವ ನೆಲವನ್ನು ಅದು ಓದಬೇಕು. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾನಸಗಂಗೋತ್ರಿಯನ್ನು ಕಟ್ಟುವಾಗ, ವಿದ್ಯೆ ಕನ್ನಡದಲ್ಲಿ ಹಳ್ಳಿಯವನ ಮನೆ ಮುಟ್ಟಬೇಕು ಎಂದು ಹಂಬಲಿಸಿದವರು. ಆ ಹಂಬಲಕ್ಕೆ ಮುಂದಿನ ಹೆಜ್ಜೆ, ವಿಶ್ವವಿದ್ಯಾಲಯವೇ ಹಳ್ಳಿಯವನ ಹತ್ತಿರ ಹೋಗುವುದು.

ಹಾಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1991ರಲ್ಲಿ ಹಂಪಿಯ ಕಲ್ಲುಬಂಡೆಗಳ ನಡುವೆ ಕನ್ನಡ ವಿಶ್ವವಿದ್ಯಾಲಯ ಶುರುವಾದಾಗ ಕಾಡಿನಲ್ಲಿ ವಿಶ್ವವಿದ್ಯಾಲಯವೇ ಎಂದು ನಕ್ಕವರಿದ್ದರು. ಅಲ್ಲಿ ಪಾಠ ಮಾಡಿದ ರಹಮತ್ ತರೀಕೆರೆಯವರು ಊರೂರು ಅಲೆದು ಕರ್ನಾಟಕದ ಸೂಫಿಗಳ ಬಗ್ಗೆ, ನಾಥಪಂಥದ ಬಗ್ಗೆ, ಮೊಹರಂ ಬಗ್ಗೆ ಬರೆದರು. ದರ್ಗಾದ ಜಗುಲಿಯಲ್ಲಿ, ಅಲಾವಿ ಕುಣಿಯ ಪಕ್ಕದಲ್ಲಿ ಹಿಂದೂ ಮುಸ್ಲಿಮರು ನೂರಾರು ವರ್ಷ ಕೂಡಿ ಬದುಕಿದ್ದನ್ನು ಕನ್ನಡದ ಓದುಗರ ಎದುರಿಗೆ ದಾಖಲೆಯಾಗಿ ಇಟ್ಟರು. ಇಂದು ಯಾರಾದರೂ ಕೋಮುದ್ವೇಷದ ಭಾಷಣ ಮಾಡಿದರೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಆ ಪುಸ್ತಕಗಳಿವೆ. ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಕೂತು ಬರೆಯಬಹುದಾದ ಪುಸ್ತಕಗಳಲ್ಲ ಅವು.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಗೋವಿಂದಭಟ್ಟರ ಶಿಷ್ಯನಾಗಿ ಬೆಳೆದ ಶರೀಫರು ನಮ್ಮವರು. ಚಾಮರಾಜನಗರದ ಬೆಟ್ಟಗಳಲ್ಲಿ ಸೋಲಿಗರಿದ್ದಾರೆ, ಮಾದಪ್ಪನ ಕತೆ ಹಾಡುವ ಕಂಸಾಳೆಯವರಿದ್ದಾರೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರ ಕೈಗಳಿವೆ. ಕೊಡಗಿನಲ್ಲಿ ಕೊಡವ ಭಾಷೆಯಿದೆ. ಇವನ್ನೆಲ್ಲ ಓದುವವರು ಯಾರು? ಆ ನೆಲದ ಮಕ್ಕಳು ಆ ನೆಲದಲ್ಲೇ ಎಂ.ಎ. ಮಾಡಿ, ಪಿಎಚ್.ಡಿ. ಮಾಡಿ ಬರೆಯದಿದ್ದರೆ ಪ್ರವಾಸೋದ್ಯಮ ಇಲಾಖೆಯ ಬಣ್ಣದ ಕರಪತ್ರವೇ ನಮ್ಮ ಇತಿಹಾಸವಾಗುತ್ತದೆ.

ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸಾವನ್ನು ನೋಡಿರುತ್ತಾರೆ. ಬಹಮನಿ ರಾಜ್ಯದ ಆ ಮಂತ್ರಿ 1472ರ ಸುಮಾರಿಗೆ ಅದನ್ನು ಕಟ್ಟಿಸಿದ. ಬಣ್ಣದ ಹೆಂಚುಗಳ ಎದುರು ಫೋಟೋ ತೆಗೆಸಿಕೊಳ್ಳುವವರು ಒಳಗಿನ ವ್ಯವಸ್ಥೆಯನ್ನು ಗಮನಿಸುವುದಿಲ್ಲ. ಪಾಠದ ಕೋಣೆಗಳ ಜೊತೆಗೆ ಗ್ರಂಥಾಲಯವಿತ್ತು, ಗುರುಗಳಿಗೂ ವಿದ್ಯಾರ್ಥಿಗಳಿಗೂ ಅಲ್ಲೇ ವಾಸದ ಕೋಣೆಗಳಿದ್ದವು. ಗುರು, ಗ್ರಂಥ, ವಸತಿ - ಐನೂರೈವತ್ತು ವರ್ಷಗಳ ಹಿಂದಿನ ಒಬ್ಬ ಮಂತ್ರಿಗೆ ತಿಳಿದಿದ್ದ ಈ ಮೂರು ಅಗತ್ಯಗಳು 2023ರಲ್ಲಿ ಬೋರ್ಡು ಬರೆಸಿದವರಿಗೆ ತಿಳಿಯಲಿಲ್ಲ.

ನಮ್ಮ ಹಿರಿಯರಿಗೂ ಒಂದು ಮಾತು

ಸರಕಾರವನ್ನು ಕೇಳಿದ ಪ್ರಶ್ನೆಗಳನ್ನು ಸಮುದಾಯದ ಮುಖಂಡರಿಗೂ ಕೇಳಲೇಬೇಕು. ಶಾಸಕರು ಊರಿಗೆ ಬಂದರೆ ಜಮಾತಿನ ಹಿರಿಯರು ಕೊಡುವ ಮನವಿಪತ್ರದಲ್ಲಿ ಏನಿರುತ್ತದೆ? ಶಾದಿಮಹಲಿಗೆ ಅನುದಾನ, ಖಬರಸ್ತಾನಕ್ಕೆ ಕಾಂಪೌಂಡು. ಬದುಕಿನ ಎರಡು ದಿನಗಳಿಗೆ ಇಷ್ಟು ಚಿಂತೆ, ನಡುವಿನ ವರ್ಷಗಳಿಗೆ ಏನೂ ಇಲ್ಲ. ನಮ್ಮ ಜಿಲ್ಲೆಯ ಸ್ನಾತಕೋತ್ತರ ಕೇಂದ್ರದ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲು ಕೊಡಿ, ಸಂಜೆ ಐದಕ್ಕೆ ಕ್ಯಾಂಪಸ್ಸಿನಿಂದ ಬಸ್ಸು ಬಿಡಿ, ಉರ್ದು ಎಂ.ಎ. ತರಗತಿ ತೆರೆಯಿರಿ ಎಂದು ಕೇಳಿದ ಮನವಿ ಎಷ್ಟು? ಜುಮ್ಮಾದ ದಿನ ಇಲ್ಮಿನ ಮಹತ್ವದ ಬಗ್ಗೆ ಸೊಗಸಾದ ಬಯಾನು ಕೇಳಿ ತಲೆದೂಗುವವರು, ಪಕ್ಕದ ಊರಿನಲ್ಲಿ ಇಲ್ಮಿನ ಮನೆಗೆ ಬೀಗ ಹಾಕುವ ಸುದ್ದಿ ಬಂದಾಗ ಪತ್ರಿಕೆ ಮಡಿಚಿಟ್ಟು ಎದ್ದು ಹೋಗುತ್ತಾರೆ. ಬೀದಿಗಿಳಿದು ಕೂಗಿದ ವಿದ್ಯಾರ್ಥಿಗಳ ಜೊತೆ ನಿಲ್ಲುವುದಕ್ಕೆ ಯಾರ ಫತ್ವಾ ಬೇಕಿತ್ತು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಬಾನು ಅವರ ಊರು ಹಾಸನ. ಅನುವಾದಿಸಿದ ದೀಪಾ ಭಾಸ್ತಿಯವರ ಊರು ಕೊಡಗಿನ ಮಡಿಕೇರಿ. ಮೂರೇ ತಿಂಗಳ ಹಿಂದೆ ಮುಚ್ಚಬೇಕಾದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹಾಸನವೂ ಇತ್ತು, ಕೊಡಗೂ ಇತ್ತು. ಆ ಇಬ್ಬರೂ ಈ ಹೊಸ ವಿಶ್ವವಿದ್ಯಾಲಯಗಳಿಂದ ಬಂದವರಲ್ಲ, ನಿಜ. ಆದರೆ ಸಣ್ಣ ಊರಿನಲ್ಲಿ ಕೂತ ಹೆಣ್ಣೊಬ್ಬಳು ತನ್ನ ಓಣಿಯ ಹೆಂಗಸರ ಬದುಕನ್ನು ಬರೆದರೆ ಲೋಕ ಕಿವಿಗೊಡುತ್ತದೆ ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕೇ? ಹಾರ ಹಾಕಲು ಎಲ್ಲರೂ ಓಡಿದರು. ಆ ಸೆಪ್ಟೆಂಬರಿನಲ್ಲಿ ಮೈಸೂರು ದಸರೆಯನ್ನು ಅವರಿಂದ ಉದ್ಘಾಟಿಸಿದ್ದೂ ಆಯಿತು. ಹಾಸನದ ಮುಂದಿನ ಬಾನು ಎಲ್ಲಿ ಓದಬೇಕು ಎಂದು ಹಾರ ಹಾಕಿದ ಒಬ್ಬರೂ ಕೇಳಲಿಲ್ಲ. ನಮ್ಮವರಲ್ಲೂ ಅವರ ಫೋಟೋವನ್ನು ಮೊಬೈಲಿನಲ್ಲಿ ಹಂಚಿ, ಸ್ವಂತ ಮಗಳನ್ನು ಬಿ.ಎ.ಗೇ ನಿಲ್ಲಿಸಿದವರಿದ್ದಾರೆ.

ಏನು ಮಾಡಬೇಕು?

ಬೋರ್ಡಿನ ಮೇಲೆ ವಿಶ್ವವಿದ್ಯಾಲಯ ಎಂದು ಬರೆದಿರಲಿ, ಸ್ನಾತಕೋತ್ತರ ಕೇಂದ್ರ ಎಂದು ಬರೆದಿರಲಿ, ನಮಗೆ ತಕರಾರಿಲ್ಲ. ಕುಲಪತಿಯ ಕಾರು, ಘಟಿಕೋತ್ಸವದ ಗೌನು ಇಲ್ಲದಿದ್ದರೂ ನಡೆಯುತ್ತದೆ. ಆಡಳಿತದ ಖರ್ಚು ಉಳಿಸಲು ಎರಡು ಕಚೇರಿ ಒಂದಾಗಬೇಕೆಂದರೆ ಆಗಲಿ. ಆದರೆ ಕಚೇರಿಯನ್ನು ವಿಲೀನ ಮಾಡುವ ನೆಪದಲ್ಲಿ ತರಗತಿಯನ್ನು ವಿಲೀನ ಮಾಡಬೇಡಿ. ಈಗ ನಡೆಯುತ್ತಿರುವ ಒಂದು ಎಂ.ಎ. ತರಗತಿಯೂ ಈ ಜಿಲ್ಲೆಗಳಲ್ಲಿ ನಿಲ್ಲಬಾರದು. ಪ್ರತಿ ವಿಭಾಗಕ್ಕೆ ಇಬ್ಬರಾದರೂ ಕಾಯಂ ಬೋಧಕರು ಬೇಕು, ಅಲ್ಲಿಂದ ಸಂಶೋಧನೆ ತಾನಾಗಿ ಶುರುವಾಗುತ್ತದೆ. ಅತಿಥಿ ಉಪನ್ಯಾಸಕರಿಗೆ ಹನ್ನೆರಡು ತಿಂಗಳ ಸಂಬಳ ಕೊಡಿ. ಹೆಣ್ಣುಮಕ್ಕಳ ಹಾಸ್ಟೆಲು ಕಟ್ಟಿ. ಬಸ್ಸಿನ ವೇಳಾಪಟ್ಟಿಯನ್ನು ತರಗತಿಯ ವೇಳಾಪಟ್ಟಿಗೆ ಹೊಂದಿಸಿ, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಈ ಪ್ರಶ್ನೆ ಬಡವರ ಮಕ್ಕಳ ಓದಿನ ವಿಷಯ ಬಂದಾಗ ಮಾತ್ರ ಏಳುವುದೇಕೆ ಎಂದು ನಾವು ತಿರುಗಿ ಕೇಳುತ್ತೇವೆ. ಪ್ರಾಥಮಿಕ ಶಾಲೆ ಲಾಭ ತರುವುದಿಲ್ಲ, ಸರಕಾರಿ ಆಸ್ಪತ್ರೆ ಲಾಭ ತರುವುದಿಲ್ಲ, ವಿಧಾನಸೌಧವೂ ಲಾಭ ತರುವುದಿಲ್ಲ. ಅವು ಇರುವುದು ಲಾಭಕ್ಕಲ್ಲ ಎಂದು ಒಪ್ಪಿಕೊಂಡೇ ನಡೆಸುತ್ತಿದ್ದೇವೆ. ಸವಣೂರಿನ ಹುಡುಗಿಯ ಎಂ.ಎ. ತರಗತಿಯನ್ನು ಮಾತ್ರ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಬೇಡಿ. ಬೆಳಗಿನ ಬಸ್ಸು ಈಗಲೂ ತುಂಬಿ ಬರುತ್ತಿದೆ. ಅದರಿಂದ ಇಳಿಯುವವರಿಗೆ ಬಾಗಿಲು ತೆರೆದಿರಬೇಕು, ಒಳಗೆ ಮೇಷ್ಟ್ರಿರಬೇಕು. ಇಷ್ಟನ್ನೂ ಕೊಡಲಾರೆವು ಎನ್ನುವ ಸರಕಾರ ಯಾವ ಪಕ್ಷದ್ದೇ ಆಗಿರಲಿ, ಸಣ್ಣ ಊರಿನವರ ಓಟು ಕೇಳಲು ಬರುವಾಗ ಅದನ್ನು ನೇರವಾಗಿ ಹೇಳಿ ಬರಲಿ.